ಮೆಟಾಕಾರ್ಪಲ್‌ಗೆ ‘ಅಂಗೈ ಮೂಳೆ’ ಸಾಕೇ?

ಗೆಳೆಯರೆ,

ಕೈಗೆ ಪೆಟ್ಟಾದವರಿಗೆ ಕೊಡಲು ಒಂದು ಪುಟದ ಕನ್ನಡ ಮಾಹಿತಿ ಬರೆಯುತ್ತಿದ್ದೇನೆ. ಮಣಿಕಟ್ಟಿಗೂ ಬೆರಳುಗಳಿಗೂ ನಡುವೆ ಐದು ಉದ್ದ ಮೂಳೆಗಳಿವೆಯಲ್ಲ, ಮೆಟಾಕಾರ್ಪಲ್‌ಗಳು, ಅವಕ್ಕೆ ಯಾವ ಪದ ಹಾಕಲಿ?

ಮೊದಲು ಹೊಳೆಯುವುದು ‘ಅಂಗೈ ಮೂಳೆ’. ಆದರೆ ಈ ಮೂಳೆಗಳು ಅಂಗೈ ಕಡೆಯಿಂದ ಸರಿಯಾಗಿ ಸಿಗುವುದೇ ಇಲ್ಲ. ಅಲ್ಲಿ ಮಾಂಸ ಜಾಸ್ತಿ. ಕೈ ಬೋರಲು ಮಾಡಿ ಒತ್ತಿದರೆ ಒಂದೊಂದೂ ಬೆರಳಿಗೆ ಹತ್ತುತ್ತದೆ. ಸಿಟ್ಟಿನಲ್ಲಿ ಗೋಡೆಗೆ ಗುದ್ದಿದವರಿಗೆ ಹೆಚ್ಚಾಗಿ ಮುರಿಯುವುದು ಕಿರುಬೆರಳಿನ ಬದಿಯ ಮೆಟಾಕಾರ್ಪಲ್‌ನ ಕತ್ತು, ಅಂದರೆ ಅದರ ತಲೆಯ ಕೆಳಗಿನ ಸಣ್ಣ ಭಾಗ. ಊತ ಕಾಣುವುದು ಕೈಯ ಮೇಲ್ಭಾಗದಲ್ಲಿ. ಅಂಥವರಿಗೆ ‘ಅಂಗೈ ಮೂಳೆ ಮುರಿದಿದೆ’ ಅಂದರೆ ಕೈ ತಿರುಗಿಸಿ ನೋಡಿಕೊಳ್ಳುತ್ತಾರೆ, ಅಲ್ವಾ?

‘ಹಸ್ತದ ಮೂಳೆ’ ಅಂದರೆ ತೀರಾ ಅಗಲವಾಯಿತು. ಮಣಿಕಟ್ಟಿನ 8, ನಡುವಿನ 5, ಬೆರಳುಗಳ 14, ಒಟ್ಟು 27 ಮೂಳೆಗಳೂ ಅದರಲ್ಲಿ ಬಂದುಬಿಡುತ್ತವೆ. ‘ಮುಂಗೈ’ ಇನ್ನೂ ಕಷ್ಟ. ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗಕ್ಕೇ ಅದನ್ನು ಬಳಸುವವರು ಬಹಳ.

ಸಂಸ್ಕೃತದಿಂದ ಕಟ್ಟಿದ ‘ಕರಭಾಸ್ಥಿ’ ಇದೆ. ಅಮರಕೋಶದ ಪ್ರಕಾರ ಕರಭ ಅಂದರೆ ಮಣಿಕಟ್ಟಿನಿಂದ ಕಿರುಬೆರಳಿನವರೆಗಿನ ಕೈಯ ಹೊರ ಅಂಚು. ಕಾವ್ಯದ ‘ಕರಭೋರು’ (ಕರಭದಂಥ ತೊಡೆಯವಳು) ಪದದಲ್ಲಿ ಇರುವುದೂ ಇದೇ ಕರಭ ಅನ್ನುವ ವ್ಯಾಖ್ಯಾನವಿದೆ. ಹಾಗೆ ನೋಡಿದರೆ ಐದನೆಯ ಮೂಳೆಗೆ ಹೆಸರು ಚೆನ್ನಾಗಿ ಒಪ್ಪುತ್ತದೆ, ಹೆಬ್ಬೆರಳಿನ ಕಡೆಯದಕ್ಕೆ ಒಪ್ಪುವುದಿಲ್ಲ. ಆ ಮೂಳೆ ಹೇಗೂ ಗುಂಪಿಗೆ ಸೇರದ್ದು. ಉಳಿದ ನಾಲ್ಕು ಮಕ್ಕಳಲ್ಲಿ ಬೆಳೆಯುವುದು ಬೆರಳಿನ ಕಡೆಗಿರುವ ತುದಿಯಲ್ಲಿ. ಇದು ಬೆರಳಿನ ಮೂಳೆಗಳ ಹಾಗೆ ಮಣಿಕಟ್ಟಿನ ಕಡೆಗಿರುವ ಬುಡದಲ್ಲಿ ಬೆಳೆಯುತ್ತದೆ. ಅದೇನೇ ಇರಲಿ, ಪೆಟ್ಟು ತಿಂದು ಬಂದವರ ಮುಂದೆ ‘ಕರಭಾಸ್ಥಿ’ ಅನ್ನಲು ನನಗೆ ಮನಸ್ಸಿಲ್ಲ.

ಸದ್ಯಕ್ಕೆ ‘ಕಿರುಬೆರಳಿನ ಅಂಗೈ ಮೂಳೆ’ ಎಂದು ಬೆರಳಿನ ಹೆಸರು ಸೇರಿಸಿ ಬರೆದಿದ್ದೇನೆ. ವೈದ್ಯರು ಹೆಬ್ಬೆರಳಿನಿಂದ ಎಣಿಸಿ ‘ಐದನೆಯದು’ ಅನ್ನುತ್ತಾರೆ. ಸುಮ್ನೆ ಸಂಖ್ಯೆ ಕೊಟ್ಟರೆ ಓದುವವರು ಯಾವ ಕಡೆಯಿಂದ ಎಣಿಸಬೇಕು?

ಇನ್ನೊಂದು ಪ್ರಶ್ನೆ ಗೆಣ್ಣಿನದು. ಯಾವ ತಿಂಗಳಿಗೆ 31 ದಿನ ಎಂದು ಮುಷ್ಟಿ ಹಿಡಿದು ಎಣಿಸುತ್ತೇವಲ್ಲ, ಆ ಉಬ್ಬುಗಳು ಬೆರಳಿನ ಮೂಳೆಯಲ್ಲ, ಈ ಅಂಗೈ ಮೂಳೆಗಳ ತಲೆಗಳು. ನಾವು ಬೆರಳಿನ ಎಲ್ಲ ಕೀಲುಗಳಿಗೂ ಗೆಣ್ಣು ಅಂತಲೇ ಅನ್ನುತ್ತೇವೆ. ಮುಷ್ಟಿಯ ಈ ಮೊದಲ ಸಾಲಿಗೆ ಮಾತ್ರ ನಿಮ್ಮ ಕಡೆ ಬೇರೆ ಪದ ಇದೆಯೇ? ಇದ್ದರೆ ಯಾವ ಊರಿನ ಬಳಕೆ ಅನ್ನುವುದನ್ನೂ ತಿಳಿಸಿ.