ವರ್ಷದೊಳಗೆ ಎರಡು ಬ್ಯಾಟರಿ ಹೋಯ್ತು, ಮೂರನೇದು ಹಾಕಿಸಲಾ?

ಪ್ರಶ್ನೆ: ಅಣ್ಣ, ನನ್ನ ಕಾರು ದಿನಾ ಓಡಿಸಿದ್ರೆ ಏನೂ ತೊಂದರೆ ಕೊಡಲ್ಲ. ಎರಡು ದಿನ ನಿಲ್ಲಿಸಿದ್ರೆ ಸಾಕು, ಮೂರನೇ ದಿನ ಬೆಳಿಗ್ಗೆ ಕೀ ತಿರುಗಿಸಿದಾಗ ಟಕಟಕಟಕ ಅನ್ನುತ್ತೆ, ಡ್ಯಾಶ್‌ಬೋರ್ಡ್ ಲೈಟೆಲ್ಲ ಮಂಕಾಗುತ್ತೆ. ಬೇರೆ ಗಾಡಿ ಬ್ಯಾಟರಿಯಿಂದ ಜಂಪ್ ಕೊಟ್ರೆ ತಕ್ಷಣ ಸ್ಟಾರ್ಟ್. ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಬದಲಾಯಿಸಿದೀನಿ. ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸೋ ಜನರೇಟರ್) ಚಾರ್ಜಿಂಗ್ ಸರಿಯಾಗಿದೆ, ಮತ್ತೆ ಬ್ಯಾಟರಿನೇ ಹೋಗಿದೆ ಅಂತ ಗ್ಯಾರೇಜ್‌ನಲ್ಲಿ ಹೇಳ್ತಿದ್ದಾರೆ. ಹಾಕಿಸಲಾ?

ಉತ್ತರ (ಆಟೋ ಎಲೆಕ್ಟ್ರಿಷಿಯನ್): ತಡೀರಿ, ಈಗಲೇ ದುಡ್ಡು ಹಾಕ್ಬೇಡಿ. ವರ್ಷಕ್ಕೆ ಎರಡು ಬ್ಯಾಟರಿ ಸಾಯ್ತಿದೆ ಅಂದ್ರೆ ಅವನ್ನ ಕೊಲ್ತಿರೋದು ಬೇರೆ ಏನೋ ಇದೆ. ಟಕಟಕ ಸದ್ದು, ಮಂಕಾಗೋ ಲೈಟು ಎರಡೂ ಹೇಳ್ತಿರೋದು ಬ್ಯಾಟರಿ ಖಾಲಿಯಾಗಿದೆ ಅಂತ. ಯಾಕೆ ಖಾಲಿಯಾಯ್ತು ಅನ್ನೋದನ್ನ ಅದು ಹೇಳಲ್ಲ.

ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಗಾಡಿ ನಿಲ್ಲಿಸಿದ ಕೂಡಲೇ ಅಳೀಬೇಡಿ, ಆಗ ಸುಳ್ಳು ಏರಿಕೆ ತೋರಿಸುತ್ತೆ. ಕೆಲವು ಗಂಟೆ ಬಿಟ್ಟು ನೋಡಿ: 12.6 ವೋಲ್ಟ್ ಇದ್ರೆ ತುಂಬಿದೆ, 12.2 ಇದ್ರೆ ಅರ್ಧ, 12ಕ್ಕಿಂತ ಕೆಳಗೆ ಹೋಗಿದ್ರೆ ಹೆಚ್ಚುಕಮ್ಮಿ ಬರಿದು. ಎಂಜಿನ್ ಓಡ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.5ರ ಒಳಗಿರಬೇಕು. ಸೆಲ್ಫ್ ಹೊಡೆಯುವಾಗ ಸುಮಾರು 9.6ಕ್ಕಿಂತ ಕೆಳಗೆ ಬೀಳಬಾರದು.

ಆಮೇಲೆ ನಿಮಗೆ ಮುಖ್ಯವಾದ ಪರೀಕ್ಷೆ. ಬ್ಯಾಟರಿನ ಚಾರ್ಜರ್‌ನಲ್ಲಿ ಪೂರ್ತಿ ತುಂಬಿಸಿ, ನೆಗೆಟಿವ್ ಟರ್ಮಿನಲ್ ಬಿಚ್ಚಿ ಎರಡು ರಾತ್ರಿ ಬಿಡಿ, ಅಳೆದು ಬರ್ಕೊಳ್ಳಿ. ಮತ್ತೆ ತುಂಬಿಸಿ, ಈ ಸಲ ಟರ್ಮಿನಲ್ ಹಾಕಿಯೇ ಎರಡು ರಾತ್ರಿ ಬಿಡಿ. ಬಿಚ್ಚಿಟ್ಟಾಗಲೂ ಇಳಿದ್ರೆ ಬ್ಯಾಟರಿ ಒಳಗೇ ಕೆಟ್ಟಿದೆ. ಹಾಕಿದಾಗ ಮಾತ್ರ ಇಳಿದ್ರೆ ಗಾಡಿನೇ ಎಳ್ಕೊಳ್ತಿದೆ.

ಇನ್ನೊಬ್ಬ ಸದಸ್ಯರು: ಎಂಜಿನ್ ಓಡ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ನೋಡಿ. ಗಾಡಿ ಆಫ್ ಆಗದಿದ್ರೆ ಆಲ್ಟರ್ನೇಟರ್ ಸರಿಯಿದೆ ಅಂತ ನಮ್ಮಪ್ಪ ನೋಡ್ತಿದ್ರು.

ಉತ್ತರ: ದಯವಿಟ್ಟು ಯಾರೂ ಮಾಡ್ಬೇಡಿ. ಹಳೇ ಗಾಡಿಗಳಲ್ಲಿ ದಕ್ಕುತ್ತಿತ್ತು. ಓಡುವಾಗ ಬ್ಯಾಟರಿ ಕಿತ್ತರೆ ವೋಲ್ಟೇಜ್ ಕ್ಷಣಮಾತ್ರದಲ್ಲಿ ಹತ್ತಾರು ವೋಲ್ಟ್ ಮೇಲಕ್ಕೆ ಚಿಮ್ಮುತ್ತೆ. ವೋಲ್ಟೇಜ್ ಹತೋಟಿಯಲ್ಲಿಡೋ ರೆಗ್ಯುಲೇಟರ್, ಎಂಜಿನ್ ಕಂಪ್ಯೂಟರ್ ಎರಡೂ ಸುಟ್ಟುಹೋಗಬಹುದು.

ಪ್ರಶ್ನೆ ಕೇಳಿದವರು: ನೋಡಿದೆ ಅಣ್ಣ. ಬಿಚ್ಚಿಟ್ಟಾಗ 12.6 ಹಾಗೇ ನಿಂತಿತ್ತು. ಹಾಕಿದಾಗ 11.9ಕ್ಕೆ ಇಳೀತು. ಓಡುವಾಗ 14.1.

ಉತ್ತರ: ಹಾಗಾದ್ರೆ ಬ್ಯಾಟರಿ ತಪ್ಪಿಲ್ಲ. ಎಷ್ಟು ಎಳೀತಿದೆ ಅಂತ ನೋಡಿ. ಮೀಟರ್‌ನ ಕೆಂಪು ವೈರನ್ನ 10 ಆಂಪ್ಸ್ ತೂತಿಗೆ ಹಾಕಿ, ನೆಗೆಟಿವ್ ಪೋಸ್ಟಿಗೂ ಬಿಚ್ಚಿದ ಕೇಬಲ್ಲಿಗೂ ನಡುವೆ ಸೇರಿಸಿ. ಬಾಗಿಲ ಲ್ಯಾಚನ್ನ ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದ ಹಾಗೆ ಮಾಡಿ, ಕೀ ದೂರ ಇಡಿ, ಅರ್ಧ ಗಂಟೆ ಕಾಯಿರಿ. ಒಳಗಿನ ಕಂಪ್ಯೂಟರ್‌ಗಳು ನಿದ್ದೆಗೆ ಹೋಗೋಕೆ ಅಷ್ಟು ಹೊತ್ತು ಬೇಕು. 0.05 ಆಂಪ್ಸ್ ಒಳಗಿದ್ರೆ ಸಹಜ. ಮೀಟರ್ ಹೀಗೆ ಸೇರಿಸಿರುವಾಗ ಸೆಲ್ಫ್ ಮಾತ್ರ ಹೊಡೀಬೇಡಿ, ಮೀಟರ್ ಫ್ಯೂಸ್ ಹಾರುತ್ತೆ.

ಪ್ರಶ್ನೆ ಕೇಳಿದವರು: 0.6 ತೋರಿಸ್ತಿದೆ! ಒಂದೊಂದೇ ಫ್ಯೂಸ್ ತೆಗೆದು ನೋಡಿದೆ. ಎಲ್ಲ ತೆಗೆದ್ರೂ 0.58ಕ್ಕಿಂತ ಇಳೀಲಿಲ್ಲ.

ಉತ್ತರ: ಇದು ಒಳ್ಳೇ ಸುಳಿವು. 0.6 ಅಂದ್ರೆ ದಿನಕ್ಕೆ 14 ಆಂಪಿಯರ್-ಅವರ್. ನಿಮ್ಮದು 45 ಆಂಪಿಯರ್-ಅವರ್ ಬ್ಯಾಟರಿ ಅಂತಿಟ್ಕೊಂಡ್ರೂ ಎರಡು ದಿನಕ್ಕೆ ಅರ್ಧಕ್ಕಿಂತ ಜಾಸ್ತಿ ಹೋಯ್ತು, ಲೆಕ್ಕ ಕೂಡ್ತಲ್ಲ. ಸಣ್ಣ ಫ್ಯೂಸ್ ಎಲ್ಲ ತೆಗೆದ್ರೂ ಇಳೀದಿರೋ ದಾರಿ ಕೆಲವೇ ಇವೆ. ಸೆಲ್ಫ್ ಮೋಟಾರಿನ ಕೇಬಲ್ ಒಂದು, ಆಲ್ಟರ್ನೇಟರ್ ಹಿಂದಿನ ದಪ್ಪ ವೈರ್ ಇನ್ನೊಂದು. ನನ್ನ ಅನುಮಾನ ಎರಡನೇದರ ಮೇಲೆ.

ಆಲ್ಟರ್ನೇಟರ್ ಒಳಗೆ ಹುಟ್ಟೋದು ಎಸಿ ಕರೆಂಟು. ಅದನ್ನ ಡಿಸಿ ಮಾಡೋಕೆ ಡಯೋಡ್‌ಗಳಿರುತ್ತವೆ, ಒಂದೇ ಕಡೆಗೆ ತೆರೆಯೋ ಬಾಗಿಲಿನ ಹಾಗೆ. ಅದರಲ್ಲಿ ಒಂದು ಸೋರೋಕೆ ಶುರುವಾದ್ರೆ, ಗಾಡಿ ನಿಂತಾಗ ಬ್ಯಾಟರಿಯ ಕರೆಂಟು ಹಿಂದಕ್ಕೆ ಹರಿದು ರಾತ್ರಿಯಿಡೀ ಖಾಲಿಯಾಗುತ್ತೆ. ಉಳಿದ ಡಯೋಡ್‌ಗಳು ಕೆಲಸ ಮಾಡ್ತಿರೋದ್ರಿಂದ ಓಡುವಾಗ 14.1 ಬರುತ್ತೆ. ಅದಕ್ಕೇ ಗ್ಯಾರೇಜ್‌ನಲ್ಲಿ ಪಾಸ್ ಮಾಡಿದ್ದು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಆಲ್ಟರ್ನೇಟರ್ ಮೈ ಮುಟ್ಟಿ ನೋಡಿ. ಅದೊಂದೇ ಸ್ವಲ್ಪ ಬೆಚ್ಚಗಿದ್ರೆ ಅನುಮಾನ ಗಟ್ಟಿಯಾಗುತ್ತೆ.

ಖಾತ್ರಿ ಮಾಡ್ಕೊಳ್ಳೋಕೆ: ಮೊದಲು ನೆಗೆಟಿವ್ ಬಿಚ್ಚಿ. ಆ ದಪ್ಪ ವೈರಲ್ಲಿ ಯಾವಾಗಲೂ ಕರೆಂಟಿರುತ್ತೆ, ಸ್ಪ್ಯಾನರ್ ಬಾಡಿಗೆ ತಾಗಿದ್ರೆ ಕಿಡಿ ಹಾರುತ್ತೆ. ವೈರ್ ಕಳಚಿ, ತುದಿಗೆ ಟೇಪ್ ಸುತ್ತಿ, ಮತ್ತೆ ಮೀಟರ್ ಸೇರಿಸಿ.

ಮತ್ತೊಬ್ಬ ಸದಸ್ಯರು: ಸರ್, ನನ್ನದು ಒಂದೇ ಒಂದು "ಟಕ್" ಅಂತ ಸುಮ್ಮನಾಗುತ್ತೆ, ಹೆಡ್‌ಲೈಟ್ ಜೋರಾಗೇ ಇರುತ್ತೆ. ಇದೂ ಡಯೋಡಾ?

ಉತ್ತರ: ಅಲ್ಲ. ಲೈಟ್ ಕುಗ್ಗದಿದ್ರೆ ಸೆಲ್ಫ್ ಮೋಟಾರಿಗೆ ಕರೆಂಟೇ ಹೋಗ್ತಿಲ್ಲ. ಸೊಲೆನಾಯ್ಡ್ (ಸೆಲ್ಫ್ ಮೋಟಾರಿಗೆ ಕರೆಂಟು ಬಿಡೋ ಸ್ವಿಚ್), ಮೋಟಾರಿನ ಕಾರ್ಬನ್ ಬ್ರಶ್, ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್ ಮೈಗೆ ಹೋಗೋ ಅರ್ಥ್ ಕೇಬಲ್ ನೋಡಿಸಿ. ಬೇರೆಯವರು ಸೆಲ್ಫ್ ಹೊಡೆಯುವಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಪೋಸ್ಟಿಗೆ, ಇನ್ನೊಂದು ಎಂಜಿನ್ ಮೈಗೆ ಹಿಡೀರಿ. ಅರ್ಧ ವೋಲ್ಟ್ ದಾಟಿದ್ರೆ ಅರ್ಥ್ ಸರಿಯಿಲ್ಲ.

ಪ್ರಶ್ನೆ ಕೇಳಿದವರು: ಅಣ್ಣ, ವೈರ್ ಕಳಚಿದ್ಮೇಲೆ 0.03!

ಉತ್ತರ: ಸಿಕ್ತಲ್ಲ. ಆಲ್ಟರ್ನೇಟರ್ ಒಳಗಿನ ರೆಕ್ಟಿಫೈಯರ್ (ಆ ಡಯೋಡ್‌ಗಳ ಸೆಟ್ಟು) ಬದಲಾಯಿಸಿದ್ರೆ ಸಾಕಾಗಬಹುದು, ಬಿಚ್ಚಿದಾಗ ಬ್ರಶ್, ಬೇರಿಂಗ್ ಕೂಡ ನೋಡಿಸಿ. ಈಗಿರೋ ಬ್ಯಾಟರಿ ಹಲವು ಸಲ ಬರಿದಾಗಿರೋದ್ರಿಂದ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿ ಕಟ್ಟಿರಬಹುದು. ಚಾರ್ಜರ್‌ನಲ್ಲಿ ನಿಧಾನಕ್ಕೆ ತುಂಬಿಸಿ, ಒಂದು ಲೋಡ್ ಟೆಸ್ಟ್ (ಭಾರೀ ಕರೆಂಟು ಎಳೆದಾಗ ಬ್ಯಾಟರಿ ತಡ್ಕೊಳ್ಳುತ್ತಾ ಅನ್ನೋ ಪರೀಕ್ಷೆ) ಮಾಡಿಸಿ. ಅದರಲ್ಲಿ ಪಾಸಾದ್ರೆ ಇದೇ ಬ್ಯಾಟರಿ ಮುಂದುವರಿಸಿ.