ಯೂರಿಕ್ ಆಮ್ಲಕ್ಕೆ ಯಾವ ಮಾತ್ರೆ? ಅಪ್ಪನಿಗೆ ಸ್ಟೆಂಟ್ ಇದೆ

ಸಿಂಧನೂರಿನಿಂದ ಪ್ರಶ್ನೆ: ಅಪ್ಪನಿಗೆ 64. ಒಂದೇ ವರ್ಷದಲ್ಲಿ ಮೂರು ಸಲ ಕಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿಕೊಂಡಿತು. ಯೂರಿಕ್ ಆಮ್ಲ 9.2, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 1.6. ಒಬ್ಬ ವೈದ್ಯರು ಫೆಬುಕ್ಸೊಸ್ಟಾಟ್ ಬರೆದರು, ಇನ್ನೊಬ್ಬರು ಅಲೋಪ್ಯುರಿನಾಲ್ ಎಂದರು. ಯಾವುದು ಸುರಕ್ಷಿತ? ಅನುಭವಸ್ಥರು ತಿಳಿಸಿ.

ರಾಯಚೂರು: ತಮ್ಮಾ, ನನಗೂ ಸ್ಟೆಂಟ್ ಇದೆ. ಆರು ವರ್ಷದಿಂದ ಅಲೋಪ್ಯುರಿನಾಲ್ ನುಂಗುತ್ತಿದ್ದೇನೆ. ಹೃದ್ರೋಗವಿದ್ದ ಗೌಟ್ (ಯೂರಿಕ್ ಆಮ್ಲದಿಂದ ಬರುವ ಕೀಲುನೋವು) ರೋಗಿಗಳ ಮೇಲೆ ನಡೆದ ಕೇರ್ಸ್ ಅಧ್ಯಯನದಲ್ಲಿ (2018) ಅಲೋಪ್ಯುರಿನಾಲ್ ತೆಗೆದುಕೊಂಡವರಿಗಿಂತ ಫೆಬುಕ್ಸೊಸ್ಟಾಟ್ ತೆಗೆದುಕೊಂಡವರಲ್ಲಿ ಸಾವು ತುಸು ಹೆಚ್ಚಿತ್ತು. ಮರುವರ್ಷ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಕೆ ಕೊಟ್ಟರು. 2020ರ ಫಾಸ್ಟ್ ಅಧ್ಯಯನದಲ್ಲಿ ಆ ವ್ಯತ್ಯಾಸ ಕಾಣಲಿಲ್ಲ, ನಿಜ. ಆದರೂ ಅಲೋಪ್ಯುರಿನಾಲ್ ಒಗ್ಗುವಾಗ ಇನ್ನೊಂದರ ಗೊಡವೆ ಏಕೆ ಎಂದರು ನಮ್ಮ ವೈದ್ಯರು.

ನಾನು ಮಾಡಿದ ತಪ್ಪನ್ನೂ ಕೇಳು. ಮಾತ್ರೆ ಶುರುಮಾಡಿದ ಮೂರನೇ ವಾರ ನೋವು ಮತ್ತೆ ಎದ್ದಿತು. ಏಪ್ರಿಲ್ ಬಿಸಿಲು ಬೇರೆ. ಚಪ್ಪಲಿಯ ಉಂಗುಟ ಕತ್ತರಿಸಿಕೊಂಡು ಓಡಾಡಿದೆ. ರಾತ್ರಿ ಫ್ಯಾನಿನ ಗಾಳಿಗೆ ಪಂಚೆಯ ಅಂಚು ಬೆರಳಿಗೆ ತಾಗಿದರೂ ಜೀವ ಹೋಗುತ್ತಿತ್ತು. ಮಾತ್ರೆಯೇ ಕಾರಣವೆಂದು ಬಿಟ್ಟುಬಿಟ್ಟೆ. ಯೂರಿಕ್ ಆಮ್ಲ ಇಳಿಯುವಾಗ ಕೀಲಿನಲ್ಲಿ ಕೂತ ಹರಳು ಸಡಿಲಾಗಿ ಹೀಗೆ ಕೆರಳುತ್ತದೆಯಂತೆ. ಅದಕ್ಕೆಂದೇ ಮೊದಲ ಮೂರರಿಂದ ಆರು ತಿಂಗಳು ಊತ, ನೋವು ತಡೆಯುವ ಕೋಲ್ಚಿಸಿನ್ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಜೊತೆಗೆ ಕೊಡುತ್ತಾರೆ. ಅಪ್ಪನ ಮೂತ್ರಪಿಂಡ ನೋಡಿ ಅದರ ಪ್ರಮಾಣವನ್ನೂ ವೈದ್ಯರೇ ಹೇಳಬೇಕು.

ಕೊಪ್ಪಳ: ಅಲೋಪ್ಯುರಿನಾಲ್ ಎಲ್ಲರಿಗೂ ಒಗ್ಗುವುದಿಲ್ಲ. ನಮ್ಮ ಅತ್ತೆಗೆ ಮೂತ್ರಪಿಂಡ ಸೋತಿದ್ದರೂ ಒಮ್ಮೆಲೇ 300 ಮಿ.ಗ್ರಾಂ ಬರೆದಿದ್ದರು. ತಿಂಗಳೊಳಗೆ ಜ್ವರ, ಮೈತುಂಬ ದದ್ದು, ಬಾಯಲ್ಲಿ ಹುಣ್ಣು. ಆಸ್ಪತ್ರೆಯಲ್ಲಿ ಹದಿನಾರು ದಿನ ಇದ್ದೆವು. ಈಗ ಫೆಬುಕ್ಸೊಸ್ಟಾಟ್ 40. ಅವರ ಹೃದಯಕ್ಕೇನೂ ತೊಂದರೆಯಿಲ್ಲ. ದದ್ದು ಕಂಡ ದಿನವೇ ಮಾತ್ರೆ ನಿಲ್ಲಿಸಿ ವೈದ್ಯರ ಬಳಿ ಓಡಿ, ನಾಳೆ ನೋಡೋಣ ಎನ್ನಬೇಡಿ.

ಬಳ್ಳಾರಿ: ಔಷಧದಂಗಡಿಯಲ್ಲಿ ಮೂವತ್ತು ವರ್ಷ ಕೂತವನು ನಾನು. ಕೊಪ್ಪಳದ ಅಕ್ಕ ಹೇಳಿದ್ದು ಸರಿ. ಕ್ರಿಯಾಟಿನಿನ್ 1.6 ಇರುವವರಿಗೆ ಅಲೋಪ್ಯುರಿನಾಲ್ 50 ಅಥವಾ 100 ಮಿ.ಗ್ರಾಂನಿಂದ ಶುರುಮಾಡಿ, ಕೆಲವು ವಾರಕ್ಕೊಮ್ಮೆ ರಕ್ತ ಪರೀಕ್ಷಿಸಿ, ಯೂರಿಕ್ ಆಮ್ಲ 6ರ ಕೆಳಗೆ ಬರುವತನಕ ಏರಿಸುವುದು ವಾಡಿಕೆ. ಅಪ್ಪನವರ ಬಿಪಿ ಮಾತ್ರೆಯ ಚೀಟಿ ತೆಗೆದು ನೋಡಿ. ಹೈಡ್ರೊಕ್ಲೋರೊಥಯಜೈಡ್ ಯೂರಿಕ್ ಆಮ್ಲ ಏರಿಸುತ್ತದೆ, ಲೊಸಾರ್ಟನ್ ತುಸು ಇಳಿಸುತ್ತದೆ. ಅಜಥಯೋಪ್ರಿನ್ (ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ) ತೆಗೆದುಕೊಳ್ಳುತ್ತಿದ್ದರೆ ಅಲೋಪ್ಯುರಿನಾಲ್, ಫೆಬುಕ್ಸೊಸ್ಟಾಟ್ ಎರಡೂ ಅಪಾಯ. ನೋವಿಗೆಂದು ಅಂಗಡಿಯಿಂದ ಡೈಕ್ಲೊಫೆನಾಕ್ ತಂದು ಕೊಡಬೇಡಿ. ಸ್ಟೆಂಟಿನ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಲೂ ಬೇಡಿ.

ಸಿಂಧನೂರು: ಚೀಟಿ ನೋಡಿದೆ. ಬಿಪಿ ಮಾತ್ರೆಯಲ್ಲಿ ಹೈಡ್ರೊಕ್ಲೋರೊಥಯಜೈಡ್ ಇದೆ! ಎರಡೂ ವೈದ್ಯರಿಗೆ ನಾವು ಅದನ್ನು ತೋರಿಸಿಯೇ ಇರಲಿಲ್ಲ. ಸೋಮವಾರ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗುತ್ತೇವೆ.