ಎಸ್ಟೋನಿಯಾದಂಥ ಪುಟ್ಟ ದೇಶ ರಕ್ಷಣೆಗೆ ಜಿಡಿಪಿಯ 5.4% ಖರ್ಚು ಮಾಡಬೇಕಾ?

ಪ್ರಶ್ನೆ

ನಾನು ಎಸ್ಟೋನಿಯಾದ ರಾಜಧಾನಿ ತಾಲಿನ್‌ಗೆ ಬಂದು ಎರಡು ವರ್ಷ ದಾಟಿತು. 2024ರ ಜನವರಿಯಲ್ಲಿ ವ್ಯಾಟ್ 20ರಿಂದ 22% ಆಯಿತು, 2025ರ ಜುಲೈನಲ್ಲಿ 24%. ಆಹಾರಕ್ಕೆ ಅಂತ ಕಡಿಮೆ ದರ ಇಲ್ಲ, ಹಾಲಿಗೂ ಬ್ರೆಡ್ಡಿಗೂ ಅಷ್ಟೇ ಕಟ್ಟಬೇಕು. ರಕ್ಷಣೆಗೆ ದುಡ್ಡು ಬೇಕು ಅಂತ ಸರ್ಕಾರ ಹೇಳುತ್ತದೆ. 2026ರಿಂದ ಜಿಡಿಪಿಯ 5%ಗಿಂತ ಜಾಸ್ತಿ, ಸರಾಸರಿ 5.4% ಅಂತೆ. ಇಲ್ಲಿರುವ ಜನ 14 ಲಕ್ಷವೂ ಇಲ್ಲ. ಸ್ವಂತದ್ದು ಅಂತ ಒಂದು ಫೈಟರ್ ವಿಮಾನ ಇಲ್ಲ. ಎಷ್ಟು ಸುರಿದರೂ ರಷ್ಯಾಕ್ಕೆ ಸಮ ಆಗೋಕಾಗುತ್ತಾ? ಕಾಪಾಡೋಕೆ ನೇಟೋ ಮಿಲಿಟರಿ ಕೂಟ ಇದೆ ಅಲ್ವಾ? ಬಹಳ ವರ್ಷ ಇಲ್ಲಿದ್ದವರು ದಯವಿಟ್ಟು ಹೇಳಿ.

ಉತ್ತರ 1

ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷ. ಮೊದಮೊದಲು ನಾನೂ ಇದೇ ಕೇಳುತ್ತಿದ್ದೆ.

ಒಂದು ಸಲ ರಷ್ಯಾ ಗಡಿಯಲ್ಲಿರುವ ನಾರ್ವಾ ಊರಿಗೆ ಹೋಗಿ ಬನ್ನಿ. ನದಿಯ ಈ ದಡದಲ್ಲಿ ಒಂದು ಕೋಟೆ, ಆ ದಡದಲ್ಲಿ ರಷ್ಯಾದ ಇವಾನ್‌ಗೊರೊಡ್ ಕೋಟೆ. ಎದುರಿಗೆ ಓಡಾಡುವವರ ಜಾಕೆಟ್ ಬಣ್ಣ ಕೂಡ ಕಾಣುತ್ತದೆ. 2024ರಿಂದ ಸೇತುವೆ ಮೇಲೆ ವಾಹನ ಬಿಡುವುದಿಲ್ಲ. ಜನ ಸೂಟ್‌ಕೇಸ್ ಎಳೆದುಕೊಂಡು ನಡೆದೇ ದಾಟುತ್ತಾರೆ. ಆ ಚಕ್ರಗಳ ಸದ್ದು ಕೇಳುತ್ತಾ ನಿಂತಾಗಲೇ ಈ ದೇಶ ಎಲ್ಲಿದೆ ಅನ್ನೋದು ನನಗೆ ಸರಿಯಾಗಿ ತಲೆಗೆ ಹೋಗಿದ್ದು.

ಇನ್ನೊಂದು 1939ರ ವಿಷಯ. ಮಾಸ್ಕೋ ಹೆದರಿಸಿ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿತು. ಸೇನಾ ನೆಲೆಗಳ ಹೆಸರಲ್ಲಿ 25 ಸಾವಿರ ಸೋವಿಯತ್ ಸೈನಿಕರು ಒಳಗೆ ಬಂದರು. 1940ರ ಜೂನ್‌ನಲ್ಲಿ ಹೆಚ್ಚುಕಮ್ಮಿ ಒಂದು ಗುಂಡೂ ಹಾರದೆ ದೇಶ ಕೈತಪ್ಪಿತು. 1949ರ ಮಾರ್ಚ್‌ನಲ್ಲಿ ಸುಮಾರು 20 ಸಾವಿರ ಜನರನ್ನು ರೈಲಿಗೆ ತುಂಬಿ ಸೈಬೀರಿಯಾ ಕಡೆ ಸಾಗಿಸಿದರು. ನನ್ನ ಜೊತೆ ಕೆಲಸ ಮಾಡುವವರೊಬ್ಬರ ಅಜ್ಜಿ ಅದರಲ್ಲಿದ್ದರು, ಆಗ ಆರು ವರ್ಷದ ಮಗು. ಆ ಸಹೋದ್ಯೋಗಿ ಈಗ ಕೈತ್ಸೆಲೀತ್‌ನಲ್ಲಿ, ಅಂದರೆ ಇಲ್ಲಿನ ಸ್ವಯಂಸೇವಕ ರಕ್ಷಣಾ ಪಡೆಯಲ್ಲಿ ಇದ್ದಾರೆ. ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿ, ಕಾರಿನ ಡಿಕ್ಕಿಯಲ್ಲಿಟ್ಟ ಹಸಿರು ಚೀಲ ತೆಗೆದುಕೊಂಡು ಕಾಡಿಗೆ ತರಬೇತಿಗೆ ಹೊರಡುತ್ತಾರೆ. ಸೋಮವಾರ ಬೂಟಿನ ಗಾಯಕ್ಕೆ ಪ್ಲಾಸ್ಟರ್ ಹಚ್ಚಿಕೊಂಡೇ ಮೀಟಿಂಗ್‌ಗೆ ಬರುತ್ತಾರೆ. "ಈ ಸಲ ಸುಮ್ನೆ ಕೊಡಲ್ಲ" ಅಂತಾರೆ, ಅಷ್ಟೇ. ರಷ್ಯಾಕ್ಕೆ ಸಮ ಆಗಬೇಕು ಅಂತ ಇಲ್ಲಿ ಯಾರೂ ಹೊರಟಿಲ್ಲ. ನೆರವು ಬಂದು ಸೇರುವ ತನಕ ತಡೆದು ನಿಲ್ಲಬೇಕು.

ಉತ್ತರ 2

ನೇಟೋ ಇದೆ, ನಿಜ. ಇಲ್ಲಿನ ಟಾಪಾ ಸೇನಾ ನೆಲೆಯಲ್ಲಿ 2017ರಿಂದ ಬ್ರಿಟನ್ ನೇತೃತ್ವದ ನೇಟೋ ಪಡೆ ಇದೆ. ಎಮಾರಿ ವಾಯುನೆಲೆಯಿಂದ ಬೇರೆ ನೇಟೋ ದೇಶಗಳ ವಿಮಾನಗಳು ಕಾವಲು ಹಾರುತ್ತವೆ. 2025ರ ಸೆಪ್ಟೆಂಬರ್ 19ರಂದು ಮೂರು ರಷ್ಯನ್ ಮಿಗ್-31ಗಳು 12 ನಿಮಿಷ ಎಸ್ಟೋನಿಯಾದ ಆಕಾಶದೊಳಗೆ ಇದ್ದಾಗ ಎದ್ದು ಹೋಗಿದ್ದು ಇಟಲಿಯ ಎಫ್-35ಗಳು. ಅದಕ್ಕೇ ಇವರು ಫೈಟರ್ ಕೊಳ್ಳಲು ಹೋಗುವುದಿಲ್ಲ. ಆ ದುಡ್ಡು ನೆಲದ ಮೇಲಿನ ಸಾಮಾನಿಗೆ ಹೋಗುತ್ತದೆ: ದಕ್ಷಿಣ ಕೊರಿಯಾದ ಕೆ9 ಫಿರಂಗಿ, 2025ರಲ್ಲಿ ಬಂದ ಆರು ಹಿಮಾರ್ಸ್ ರಾಕೆಟ್ ಲಾಂಚರ್, ಎಲ್ಲಕ್ಕಿಂತ ಹೆಚ್ಚಾಗಿ ಮದ್ದುಗುಂಡು. ತಮ್ಮ ಬಳಿ ಇದ್ದ, ವಾಹನದಿಂದ ಎಳೆದೊಯ್ಯುವ 155 ಎಂಎಂ ಹೊವಿಟ್ಜರ್ ಫಿರಂಗಿಗಳನ್ನೆಲ್ಲ ಉಕ್ರೇನ್‌ಗೆ ಕೊಡುವುದಾಗಿ 2023ರಲ್ಲಿ ಘೋಷಿಸಿದ ದೇಶ ಇದು.

ಉತ್ತರ 3

ಖರ್ಚು ಬೇಡ ಅಂತ ನಾನೂ ಹೇಳಲ್ಲ. ಆದರೆ ಯಾರ ಜೇಬಿನಿಂದ? ನಮ್ಮ ಮಹಡಿಯಲ್ಲಿ ಪಿಂಚಣಿ ಮೇಲೆ ಬದುಕುವ ಅಜ್ಜಿಯೊಬ್ಬರಿದ್ದಾರೆ. ಅಂಗಡಿಯಲ್ಲಿ ಬೆಣ್ಣೆ ಕೈಗೆತ್ತಿಕೊಂಡು, ಬೆಲೆ ನೋಡಿ, ಮತ್ತೆ ಅಲ್ಲೇ ಇಟ್ಟಿದ್ದನ್ನು ನೋಡಿದೆ. ಐಟಿ ಸಂಬಳದವರಿಗೂ ಅವರಿಗೂ ಅದೇ 24%. ಇಲ್ಲಿನ ಸರ್ಕಾರದ ಸಾಲ ಯುರೋಪ್ ಒಕ್ಕೂಟದಲ್ಲೇ ತೀರಾ ಕಡಿಮೆ ಇರುವವುಗಳಲ್ಲಿ ಒಂದು. ಫಿರಂಗಿಗೆ ಸ್ವಲ್ಪ ಜಾಸ್ತಿ ಸಾಲ ಮಾಡಲಿ, ಆಹಾರದ ಮೇಲಿನ ತೆರಿಗೆ ಇಳಿಸಲಿ.

ಉತ್ತರ 1 (ಮತ್ತೆ)

ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆ ಅಜ್ಜಿಯ ಮೊಮ್ಮಗ 8 ಅಥವಾ 11 ತಿಂಗಳು ಕಡ್ಡಾಯ ಸೇನಾ ತರಬೇತಿಗೂ ಹೋಗಬೇಕು. ತೆರಿಗೆ, ಸೇನಾ ಸೇವೆ ಎರಡನ್ನೂ ಒಂದೇ ಮನೆಯಿಂದ ಕೇಳುವುದು ಸರಿಯಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಶನಿವಾರದ ನಾರ್ವಾ ರೈಲಿಗೆ ಟಿಕೆಟ್ ಮಾಡಿದೆ.